ಮರಳು ತೆಗೆದ ಬಾಣಲೆ

ಹೊಳೆ ದಂಡೆಯ ಆ ಆಶ್ರಮದಲ್ಲಿ ಬೆಳಗಿನ ಗಂಟೆಗಿಂತ ಮೊದಲು ಕೆಮ್ಮು ಏಳುತ್ತಿತ್ತು. ಎದೆಯ ರೋಗದವರಿಗೆಂದೇ ಕಟ್ಟಿದ ಆಶ್ರಮ ಅದು.

ಗುರು ಶಿವಗಂಗಕ್ಕ. ಕಾವಿ ಉಡುವ ಮುಂಚೆ ಮೂವತ್ತು ವರ್ಷ ಡಾಕ್ಟರಾಗಿದ್ದವರು, ಉಟ್ಟ ಮೇಲೂ ಸ್ಟೆತಾಸ್ಕೋಪು ಬಿಟ್ಟವರಲ್ಲ.

ಶಿಷ್ಯ ಬಕ್ಕೇಶ. ವೈದ್ಯ ಓದು ಮುಗಿಸಿ ಬಂದವನು, ಬುದ್ಧಿವಂತ. ಆದರೆ ನಾಲಿಗೆ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ.

ಒಂದು ಬೆಳಿಗ್ಗೆ ಅವನು ಚೀಟಿ ಹಿಡಿದು ಓಡಿಬಂದ.

"ಅಕ್ಕ, ದಾದಾಪೀರಣ್ಣನ ರಕ್ತದ ವರದಿ ಬಂತು. ಉಸಿರುನಾಳದ ಕೋಶಗಳು ಒಂದು ಪ್ರೋಟೀನು ಒಸರುತ್ತವಲ್ಲ, ಅದು ಇವರಲ್ಲಿ ತೀರಾ ಕಡಿಮೆ. ನನ್ನ ರಕ್ತದಲ್ಲಿರುವುದರ ಅರ್ಧವೂ ಇಲ್ಲ!"

"ಅದಕ್ಕೆ ಇಷ್ಟು ಕುಣಿತವೇ?"

"ಕುಣಿಯದೆ? ಸಕ್ಕರೆ ಇಳಿದರೆ ಒಳ್ಳೆಯದು, ಬಿ.ಪಿ. ಇಳಿದರೆ ಒಳ್ಳೆಯದು, ಜ್ವರ ಇಳಿದರೆ ಒಳ್ಳೆಯದು. ಇದೂ ಇಳಿದಿದೆ. ಊರಿಗೆ ಹೋಗಬಹುದು ಅಂತ ಅವರಿಗೆ ಹೇಳಿಬಿಟ್ಟೆ."

ಶಿವಗಂಗಕ್ಕ ಚೀಟಿ ಓದಿದರು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಎಲ್ಲಿದ್ದಾರೆ?"

"ಅಡುಗೆಮನೆಯಲ್ಲಿ. ಮಧ್ಯಾಹ್ನದ ದೋಣಿಗೆ ಹೊರಡ್ತಾರಂತೆ. ಅಷ್ಟರಲ್ಲಿ ಎಲ್ಲರಿಗೂ ಮಂಡಕ್ಕಿ ಹುರಿದು ಕೊಡ್ತಾರಂತೆ."

ದಾದಾಪೀರ್ ಮಂಡಕ್ಕಿ ಭಟ್ಟಿಯ ಉಸ್ತಾದ. ನಲವತ್ತು ವರ್ಷ ಹೊಗೆಯ ಮುಂದೆ ಕೂತು ಅಕ್ಕಿ ಅರಳಿಸಿದ ಮನುಷ್ಯ. ಆ ಹೊಗೆಯೇ ಎದೆಗಿಳಿದು ಅವನನ್ನು ಇಲ್ಲಿಗೆ ತಂದಿತ್ತು. ಎರಡು ತಿಂಗಳಿಂದ ಅವನ ಬಾಯಲ್ಲಿ ಒಂದೇ ಪ್ರಶ್ನೆ: ಭಟ್ಟಿಗೆ ಯಾವಾಗ ಹೋಗಲಿ? ಇವತ್ತು ಉತ್ತರ ಸಿಕ್ಕಿ ಅವನ ಸಂಭ್ರಮ ಹೇಳತೀರದು.

ಹೊಳೆಯಿಂದ ತಂದು, ತೊಳೆದು, ಜರಡಿ ಹಿಡಿದ ಮರಳು ದೊಡ್ಡ ಬಾಣಲೆಯಲ್ಲಿ ಕಾಯುತ್ತಿತ್ತು. ದಾದಾಪೀರ್ ಒಂದು ಹಿಡಿ ಅಕ್ಕಿ ಎಸೆದ. ಚಟಚಟ ಎಂದು ಬೆಳ್ಳಗೆ ಅರಳಿತು. ಬಕ್ಕೇಶನ ಬಾಯಲ್ಲಿ ನೀರೂರಿತು.

"ಬರ್ರಿ ಅಕ್ಕಾರೆ, ಬಿಸೀದು ತಿನ್ರಿ" ಎಂದ ದಾದಾಪೀರ್, ಟವೆಲ್ಲು ಬಾಯಿಗೊತ್ತಿಕೊಂಡು ಕೆಮ್ಮಿದ.

"ದಾದಾಪೀರಣ್ಣ, ಮರಳು ಜಾಸ್ತಿಯಾಯಿತು. ಮುಕ್ಕಾಲು ಪಾಲು ತೆಗೀರಿ" ಎಂದರು ಶಿವಗಂಗಕ್ಕ.

"ಅಯ್ಯ, ಅಕ್ಕಿ ಸೀದು ಹೋಗ್ತತಿ ಅಕ್ಕಾರೆ!"

"ಕಡಿಮೆಯಾದಷ್ಟೂ ಒಳ್ಳೆಯದು ಅಂತ ನಮ್ಮ ಬಕ್ಕೇಶ ಕಂಡುಹಿಡಿದಿದ್ದಾನೆ."

"ಡಾಕ್ಟ್ರಿಗೆ ಏನ್ ಗೊತ್ತೈತ್ರೀ ಮಂಡಕ್ಕಿ ವಿಷ್ಯ!" ಗೊಣಗುತ್ತಲೇ ಮರಳು ಎತ್ತಿ ಪಕ್ಕಕ್ಕೆ ಹಾಕಿದ. ಅಕ್ಕ ಹೇಳಿದ ಮೇಲೆ ಮುಗಿಯಿತು. ಇನ್ನೊಂದು ಹಿಡಿ ಅಕ್ಕಿ ಎಸೆದ.

ಒಂದು ಕಾಳೂ ಅರಳಲಿಲ್ಲ. ಕಬ್ಬಿಣಕ್ಕೆ ಅಂಟಿ, ಹೊಗೆಯಾಡಿ, ಕರ್ರಗಾಯಿತು.

ಅಕ್ಕ ಅದನ್ನು ಕೆರೆದು ತೆಗೆದು, ಆರಲು ಬಿಟ್ಟು, ಬಕ್ಕೇಶನ ಅಂಗೈಗೆ ಸುರಿದರು.

"ತಿನ್ನು."

ಗುರು ಕೊಟ್ಟದ್ದು, ಬೇಡ ಅನ್ನುವುದು ಹೇಗೆ? ತಿಂದ. ಕಹಿಯೆಂದರೆ ಕಹಿ.

"ಮರಳು ಅಲ್ಲಿ ಏನು ಮಾಡ್ತಿತ್ತು?"

"ಬೆಂಕಿಯ ಉರಿ ಅಕ್ಕಿಗೆ ನೇರ ತಾಗದ ಹಾಗೆ..." ಬಕ್ಕೇಶನ ಮಾತು ಅಲ್ಲೇ ನಿಂತಿತು. "ಅಕ್ಕ! ಆ ಪ್ರೋಟೀನೂ ಹಾಗೇ ಕಾಪಾಡೋದು. ಎದೆಯ ಉರಿಯೂತ ತಡೆಯೋದೇ ಅದು. ಅದನ್ನು ಮಾಡುವ ಕೋಶಗಳನ್ನು ಹೊಗೆ ಹಾಳು ಮಾಡಿದೆ, ಅದಕ್ಕೇ ಕಡಿಮೆಯಾಗಿದೆ. ನಾನು ಇವರನ್ನು ಮತ್ತೆ ಹೊಗೆಗೇ ಕಳಿಸ್ತಿದ್ದೆ."

ದಾದಾಪೀರ್ ಸೌಟು ಕೆಳಗಿಟ್ಟ. "ಏನಂದ್ರಿ ಡಾಕ್ಟ್ರೆ?"

ಬಕ್ಕೇಶ ಅಕ್ಕನ ಮುಖ ನೋಡಿದ. ಅಕ್ಕ ಬಾಣಲೆಯ ತಳ ಉಜ್ಜುತ್ತಿದ್ದರು. ತಲೆ ಎತ್ತಲಿಲ್ಲ.

ನಾಚಿಕೆಯಿಂದ ಭೂಮಿಗಿಳಿದು ಹೋದವನಂತೆ ಅವನು ನೆಲದ ಮೇಲೆ ಕೂತ.

"ನಾನು ತಪ್ಪು ಹೇಳಿದೆ ಅಣ್ಣ. ನಿಮ್ಮ ಎದೆ ವಾಸಿಯಾಗಿಲ್ಲ. ಭಟ್ಟಿಯ ಮುಂದೆ ಕೂತರೆ ಇರೋ ಉಸಿರೂ ಹೋಗುತ್ತೆ. ಹೋಗಬೇಡಿ."

ದಾದಾಪೀರ್ ಟವೆಲ್ಲು ಮಡಿಸಿ ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ, "ಭಟ್ಟಿ ಬಿಟ್ರೆ ನಾನ್ ಯಾರ್ರೀ? ಅಷ್ಟ್ ಹೇಳ್ರಿ ಸಾಕು."

ಬಕ್ಕೇಶನ ಕಣ್ಣು ತುಂಬಿತು. ಅವಸರದಲ್ಲಿ ಹೇಳಿದ, "ಆ ಪ್ರೋಟೀನನ್ನೇ ತಯಾರಿಸಿ ಔಷಧಿಯಾಗಿ ಕೊಡಬಹುದಾ ಅಂತ ಪ್ರಯೋಗ ನಡೀತಿದೆ ಅಣ್ಣ. ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ಒಂದು ದಿನ ನಿಮಗೂ ಸಿಗಬಹುದು."

"ಸಿಗೋವರೆಗೆ?" ಎಂದರು ಅಕ್ಕ.

"ಸಿಗೋವರೆಗೆ ಹೊಗೆಯಿಂದ ದೂರ ಇರಬೇಕು. ಉಳಿದ ಕೋಶಗಳು ಒಂದಿಷ್ಟು ಚೇತರಿಸಿಕೊಳ್ಳಬಹುದು."

ಅಕ್ಕ ಮರಳನ್ನು ಮತ್ತೆ ಬಾಣಲೆಗೆ ಸುರಿದರು. ಸೌಟನ್ನು ಬಕ್ಕೇಶನ ಕೈಗಿಟ್ಟರು.

"ನೀನು ಹುರಿ. ದಾದಾಪೀರಣ್ಣ, ನೀವು ಹೊರಗೆ ಹೊಂಗೆ ಮರದ ಕೆಳಗೆ ಕೂತ್ಕೊಳ್ಳಿ. ಅಲ್ಲಿ ಗಾಳಿ ಚೆನ್ನಾಗಿದೆ."

ದಾದಾಪೀರ್ ಸಪ್ಪೆ ಮೋರೆ ಹಾಕಿಕೊಂಡು ಎದ್ದುಹೋದ. ಬಕ್ಕೇಶ ಅಕ್ಕಿ ಎಸೆದ.

ಕೂಡಲೇ ಮರದ ಕೆಳಗಿಂದ ಕೂಗು ಬಂತು. "ಡಾಕ್ಟ್ರೇ! ಮರಳು ಇನ್ನಾ ಕಾದಿಲ್ಲ!"

"ಅಲ್ಲಿಂದ ನಿಮಗೆ ಹೇಗೆ ಕಾಣುತ್ತೆ?"

"ಕಾಣೋದ್ಯಾಕ್ರೀ? ಸದ್ದು ಕೇಳ್ತತಿ. ಟಪ್ ಟಪ್ ಅಂತೈತಿ, ಚಟಚಟ ಅನ್ಬೇಕು. ಸೌದಿ ಒಳಗೆ ತಳ್ರಿ... ಈಗ ಹಾಕ್ರಿ ಅಕ್ಕಿ. ಕೈ ಆಡಿಸ್ರಿ... ತೆಗೀರಿ! ತೆಗೀರಿ ಅಂದ್ರೆ ತೆಗೀರಿ!"

ಜರಡಿ ತುಂಬ ಬೆಳ್ಳಗಿನ ಮಂಡಕ್ಕಿ. ಬಕ್ಕೇಶ ನಂಬಲಾರದೆ ನೋಡುತ್ತ ನಿಂತ. ಕೆಮ್ಮುವವರೆಲ್ಲ ಹೊರಗೆ ಬಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ದಾದಾಪೀರ್.

ನಗು ನಿಂತ ಮೇಲೆ ಅವನೇ ಹೇಳಿದ, "ಅಂದ್ರೆ ನಾನು ಹೊಗೆ ಮುಂದೆ ಕುಂದ್ರೋದೇ ಬ್ಯಾಡ ಅನ್ರಿ."

ಮಧ್ಯಾಹ್ನದ ದೋಣಿ ಅವನನ್ನು ಬಿಟ್ಟು ಹೋಯಿತು. ಇನ್ನೆರಡು ತಿಂಗಳು ಅಲ್ಲೇ ಇದ್ದು, ಆಮೇಲೆ ಊರಿಗೆ ಹೋದ. ಭಟ್ಟಿಗೆ ಎತ್ತರದ ಹೊಗೆಕೊಳವೆ ಹಾಕಿಸಿದ. ತಾನು ಬಯಲಿನ ಆಚೆ ಮಂಚ ಹಾಕಿಕೊಂಡು ಕೂತು, ಕಿವಿಯಲ್ಲೇ ಭಟ್ಟಿ ನಡೆಸತೊಡಗಿದ.

ವರ್ಷ ತುಂಬುವ ಹೊತ್ತಿಗೆ ಬಂದು ರಕ್ತ ಕೊಟ್ಟುಹೋದ. ಮರುವಾರ ವರದಿ ಬಂತು. ಈ ಸಲ ಬಕ್ಕೇಶ ಓಡಲಿಲ್ಲ. ಚೀಟಿಯನ್ನು ಎರಡು ಸಲ ಓದಿ, ಅಕ್ಕನ ಮುಂದೆ ಬಂದು ನಿಂತ.

"ಆ ಪ್ರೋಟೀನು ಸ್ವಲ್ಪ ಏರಿದೆ ಅಕ್ಕ. ಆದರೆ ಹೊಸದಾಗಿ ಹೊಗೆ ಕುಡಿದಾಗಲೂ ಕೆಲವು ಸಲ ರಕ್ತದಲ್ಲಿ ಏರುತ್ತದಂತೆ. ಇದನ್ನು ಒಳ್ಳೆಯದು ಅನ್ನಲೋ, ಕೆಟ್ಟದ್ದು ಅನ್ನಲೋ?"

ಅಷ್ಟರಲ್ಲಿ ಹೊಳೆಯ ಕಡೆಯಿಂದ ಗದ್ದಲ ಕೇಳಿಸಿತು. ದಾದಾಪೀರ್ ವರದಿ ಕೇಳಲು ಬಂದಿದ್ದ. ಆಶ್ರಮಕ್ಕೆಂದು ತಂದ ಮಂಡಕ್ಕಿ ಚೀಲವನ್ನು ದೋಣಿಯವನು ನೀರಿಗೆ ಅದ್ದಿಬಿಟ್ಟಿದ್ದ. ಅವನನ್ನೂ ಅವನ ದೋಣಿಯನ್ನೂ ಅವನಿಗೆ ಹುಟ್ಟು ಹಾಕಲು ಕಲಿಸಿದವರನ್ನೂ ಬೈಯುತ್ತ, ದಾದಾಪೀರ್ ದಂಡೆಯ ನಲವತ್ತು ಮೆಟ್ಟಿಲು ಹತ್ತಿ ಬರುತ್ತಿದ್ದ. ಕೆಳಗಿನ ಮೆಟ್ಟಿಲಲ್ಲಿ ಶುರುವಾದ ಬೈಗುಳ, ನಡುವೆ ಒಂದು ಕೆಮ್ಮೂ ಇಲ್ಲದೆ, ಎಲ್ಲೂ ತಡೆಯದೆ ಮೇಲೇರುತ್ತಿತ್ತು.

ಬಕ್ಕೇಶ ಇನ್ನೂ ಚೀಟಿ ಚಾಚಿಕೊಂಡೇ ನಿಂತಿದ್ದ.

"ಮಡಿಸಿಡು" ಎಂದರು ಶಿವಗಂಗಕ್ಕ. "ಮೊದಲು ಅವರು ಬೈಯೋದನ್ನ ಪೂರ್ತಿ ಕೇಳು."