ಮುರಿಗೆಪ್ಪ ಎದ್ದು ನಿಂತದ್ದು

ಭಾಳ ಹಿಂದ, ಎಷ್ಟು ಹಿಂದ ಅಂತ ಹೇಳೋರಿಗೂ ಗೊತ್ತಿಲ್ಲ ಕೇಳೋರಿಗೂ ಗೊತ್ತಿಲ್ಲ, ಹುಣಸಿಗುಂದಿ ಅಂತ ಒಂದೂರು ಇತ್ತಂತ. ಆ ಊರಾಗ ಹಡಪದ ಮುರಿಗೆಪ್ಪ ಅಂತ ಒಬ್ಬ ಇದ್ದನಂತ. ಕ್ಷೌರ ಮಾಡೋದು ಅವನ ಕಾಯಕ, ಗಂಡಸರ ಗುಟ್ಟು ಕಾಯೋದು ಅವನ ಗುಣ. ಅವನು ಕತ್ತಿ ಎಳೆದ್ರ ಕೆನ್ನಿಗೆ ಗೊತ್ತೇ ಆಗ್ತಿದ್ದಿಲ್ಲಂತ. ಹೆಜ್ಜಿ ಸಪ್ಪಳ ಕೇಳಿದ್ರ ಸಾಕು, ಯಾರಿಗೆ ಏನ್ ಬ್ಯಾನಿ ಅಂತ ಹೇಳ್ತಿದ್ದನಂತ. ಇದು ಸ್ವಲ್ಪ ಉಪ್ಪು ಖಾರ ಹಚ್ಚಿದ ಮಾತು, ಇರ್ಲಿ ಬಿಡ್ರಿ.

ಖರೇ ಏನಂದ್ರ, ಅವಂಗ ಕಣ್ಣಿದ್ವು. ಅರವತ್ತು ದಾಟಿದ ಗಂಡಸರು ಬೇವಿನ ಗಿಡದ ಕೆಳಗ ಕೂತು ಅರ್ಧ ಗಡ್ಡ ಬೋಳಿಸಿಕೊಂಡು, ಎತ್ತಿನ ಹಗ್ಗ ಬಿಚ್ಚೇತೇನೋ ನೋಡಿ ಬರ್ತೀನಿ ಅಂತ ಎದ್ದು ಹಿತ್ತಲಕ್ಕ ಓಡ್ತಿದ್ರು. ಮನ್ಯಾಗ ಎತ್ತೇ ಇಲ್ಲದವರೂ ಹಿಂಗ ಹೇಳಿ ಓಡ್ತಿದ್ರು! ಹೋದವರು ಲಗೂ ಬರ್ತಿದ್ದಿಲ್ಲ. ನಿಂತು ನಿಂತು ಕಾಲು ಸೋತು, ಹನಿ ಹನಿ ಆಗಿ, ಮುಖ ಸಣ್ಣದು ಮಾಡಿಕೊಂಡು ಬರ್ತಿದ್ರು. ವಯಸ್ಸಾದ ಗಂಡಸರಿಗೆ ಒಳಗ ಒಂದು ಗಂಟು ಬೆಳದು ನೀರಿನ ದಾರಿ ಒತ್ತತದ, ಅದಕ್ಕ ಹಿಂಗ ಅಂತ ಅವನ ಅಪ್ಪ ಅವಂಗ ತಿಳಿಸಿ ಹೇಳಿದ್ದನಂತ.

ಮುರಿಗೆಪ್ಪ ಏನೂ ಕೇಳ್ತಿದ್ದಿಲ್ಲ. ಉಳಿದ ಅರ್ಧ ಗಡ್ಡ ಮುಗಿಸಿ, ಅವರ ಅಂಗೈಯಾಗ ಒಂದು ಹಿಡಿ ಹುರಿದ ಕುಂಬಳ ಬೀಜ ಹಾಕ್ತಿದ್ದ. ನೆಗ್ಗಿಲಮುಳ್ಳು ಜಜ್ಜಿ ಕುದಿಸಿ ಕುಡೀರಿ ಅಂತಿದ್ದ. ಹಗಲೊತ್ತು ಜವೆಗೋಧಿ ಗಂಜಿ ಕುಡೀರಿ, ಸಂಜಿ ಊಟ ಲಗೂ ಮುಗಿಸ್ರಿ, ಮಲಗೋ ಮುಂದ ತಂಬಿಗಿ ಎತ್ತಬ್ಯಾಡ್ರಿ, ಕೆಂಪು ಚಟ್ನಿ ಸ್ವಲ್ಪ ಕೈ ಹಿಡದು ತಿನ್ರಿ ಅಂತಿದ್ದ. ಆ ಬೀಜ ತಿಂದ ಮುದುಕರು ಹರೇದವರಾದ್ರು ಅಂತಾರ. ಸುಳ್ಳು! ಮುದುಕರು ಮುದುಕರಾಗೇ ಉಳಿದ್ರು. ಆದ್ರ ಒಂದಿಷ್ಟು ಮಂದಿ ಒಂದೆರಡು ತಾಸು ನೆಮ್ಮದಿಯಿಂದ ಕೂಡೂಹಂಗಾದ್ರು. ಅದೇನು ಸಣ್ಣ ಸುಖ ಏನ್ರಿ?

ಅದೇ ಊರಾಗ ಚರಂತಯ್ಯ ಅಂತ ಒಬ್ರು ಅಯ್ಯನವರು ಇದ್ರು. ಶ್ರಾವಣ ಬಂತಂದ್ರ ಮಠದಾಗ ತಿಂಗಳತನಕ ಪುರಾಣ ಓದೋರು ಅವರೇ. ಮೂವತ್ತು ಶ್ರಾವಣ ಓದಿದ ಬಾಯಿ. ಅವರು ದನಿ ಎತ್ತಿದ್ರ ಮಳಿ ಬೆಳಿ ಸುದ್ದಿ ಮಾತಾಡೋರೂ ಗಪ್ ಆಗ್ತಿದ್ರಂತ. ಆ ಮಠದಾಗ ಒಂದು ಕಟ್ಟಳಿ ಇತ್ತು. ಸಂಧಿ, ಅಂದ್ರ ಪುರಾಣದ ಒಂದು ಅಧ್ಯಾಯ, ಶುರು ಆತಂದ್ರ ಅದು ಮುಗಿಯೋತನಕ ಯಾರೂ ಏಳೂಹಂಗಿಲ್ಲ. ಕೇಳೋರು ಎದ್ರ ತಪ್ಪು, ಓದೋರು ಎದ್ರಂತೂ ಪುರಾಣನೇ ಮುರೀತು, ಮತ್ತ ಮೊದಲನೇ ದಿನದಿಂದ ಓದಬೇಕು.

ಚರಂತಯ್ಯನವರಿಗೆ ಅರವತ್ನಾಲ್ಕು ತುಂಬಿದ ವರ್ಷ ಈ ಬ್ಯಾನಿ ಗಂಟುಬಿತ್ತು. ಸಂಧಿ ನಡುವ ತಡಕೊಳ್ಳೋದು ಕಷ್ಟ ಆತು. ಯಾರ ಮುಂದ ಹೇಳ್ತಾರ? ಹೆಂಡತಿ ಅನ್ನದಾನಮ್ಮನ ಮುಂದೂ ಬಾಯಿ ಬಿಡಲಿಲ್ಲ. ಈ ಗಂಡಸರ ನಾಚಿಕಿಗೆ ಏನ್ ಹೇಳೂಣ! ತಾವೇ ಒಂದು ಉಪಾಯ ಹುಡಿಕಿದ್ರು. ಕುಡಿದ್ರಲ್ಲೇನು ಬರೋದು, ಕುಡಿಯೋದೇ ಬ್ಯಾಡ ಅಂತ ಮುಂಜಾನಿಂದ ಒಂದು ಗುಟುಕು ನೀರು ಮುಟ್ಟಲಿಲ್ಲ. ಅನ್ನದಾನಮ್ಮ ಮಜ್ಜಿಗಿ ತಂದ್ರ ವ್ರತ ಅದ ಅಂದ್ರು. ಅಬ್ಬಬ್ಬಾ, ಎಂಥಾ ನಿಷ್ಠಿ ಅಂತ ಮಂದಿ ಕೈ ಮುಗಿದ್ರು. ಅಯ್ಯನವರಿಗೆ ಮಾತ್ರ ನಾಲಗಿ ಅಂಗುಳಕ್ಕ ಅಂಟ್ತಿತ್ತು, ಒಂದಕ್ಕ ಹೋದಾಗ ಉರಿ ಹತ್ತತಿತ್ತು. ಬರೋದು ಕಡಿಮಿ ಆತು, ಅವಸರ ಮಾತ್ರ ಮೊದಲಿಗಿಂತ ಹೆಚ್ಚಾತು.

ಶ್ರಾವಣದಾಗ ಆ ಊರಿನ ಗಂಡಸರು ಗಡ್ಡಕ್ಕ ಕತ್ತಿ ಮುಟ್ಟಿಸ್ತಿದ್ದಿಲ್ಲ. ಹಿಂಗಾಗಿ ಮುರಿಗೆಪ್ಪಗ ಕೆಲಸ ಇರಲಿಲ್ಲ, ದಿನಾ ಹೊತ್ತು ಇಳಿದ ಮ್ಯಾಲ ಮಠಕ್ಕ ಬಂದು ಚಪ್ಪಲಿ ಬಿಡೋ ಜಾಗದ ಹತ್ರ ಕೂತು ಪುರಾಣ ಕೇಳ್ತಿದ್ದ. ಅಯ್ಯನವರ ತುಟಿ ಒಡದದ್ದು ನೋಡಿದ. ಕಾಲಿನ ಹೆಬ್ಬೆರಳು ಮಡಚಿ ಹಿಡಕೊಂಡು ಓದೋದು ನೋಡಿದ. ಒಂದಿನ ಹಾದ್ಯಾಗ ಕೈ ಮುಗದು, "ಅಯ್ಯಾರ, ಮತ್ತೇನರ ಬಿಡ್ರಿ, ನೀರು ಒಂದು ಬಿಡಬ್ಯಾಡ್ರಿ" ಅಂದ. ಚರಂತಯ್ಯನವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನ್ನ ಕೆಲಸ ಗಡ್ಡದ್ದು, ಗಡ್ಡದ ಕೆಳಗಿಂದು ನಿನಗ್ಯಾಕ ಅಂತ ಗದರಿಸಿ ಮುಂದ ಹೋದ್ರು. ಹೋಗಿ ಮನ್ಯಾಗ ಬಾಗಿಲ ಹಾಕ್ಕೊಂಡು, ಇವಂಗ ಗೊತ್ತಾಗೇತಿ ಅಂತ ಸಂಕಟಪಟ್ರು.

ಮರುದಿನ ಸಂಧಿ ಮುಗಿಸಿ ಎದ್ದು ಹಿತ್ತಲಕ್ಕ ಹೋದ್ರ, ಒಂದು ಹನಿ ಬರಲಿಲ್ಲ. ಹೊಟ್ಟಿ ಬಿಗಿದು ಕಲ್ಲಾತು. ಮೈಯೆಲ್ಲ ಬೆವತು ಗ್ವಾಡಿ ಹಿಡಕೊಂಡು ಕುಸಿದ್ರು. ಅನ್ನದಾನಮ್ಮ ಎದೆ ಒಡಕೊಂಡು ಮುರಿಗೆಪ್ಪಗ ಹೇಳಿ ಕಳಿಸಿದ್ಲು. ಅವನು ಬಂದು ಹೊಟ್ಟಿ ಮುಟ್ಟಿದ ತಕ್ಷಣ ಕಾಲುವಿ ಒಡದಂಗ ಹರೀತು ಅಂತ ಹೇಳೋರು ಅದಾರ. ನಂಬಬ್ಯಾಡ್ರಿ! ಮುರಿಗೆಪ್ಪ ಮುಟ್ಟಿ ನೋಡಿ, ಪೂರಾ ಕಟ್ಟಿದ್ದಕ್ಕ ನನ್ನ ಬೀಜ ಕಷಾಯ ನಡಿಯೂದಿಲ್ಲ, ಇಲ್ಲೇ ಕುಂತ್ರ ಜೀವಕ್ಕ ಬರ್ತದ ಅಂತ ಕಡ್ಡಿ ಮುರದಂಗ ಹೇಳಿದ. ಬಂಡಿ ಕಟ್ಟಿಸಿ, ಹುಲ್ಲು ಹಾಸಿ ಮಲಗಿಸಿ, ಕ್ವಾಟಿ ಊರಿನ ವೈದ್ಯ ಪಂಡಿತರ ಹತ್ರ ಒಯ್ದ. ಆ ಪಂಡಿತರು ಸಣ್ಣ ಬೆಳ್ಳಿ ನಳಿಗಿ ಹಾಕಿ ನೀರು ತಗದ್ರಂತ. ಜೀವ ಉಳೀತು. ಇನ್ನ ಮುಂದ ತಡದು ಕೂಡಬಾರದು, ಹಗಲೊತ್ತು ನೀರು ಬಿಡಬಾರದು ಅಂತ ಪಂಡಿತರು ಒತ್ತಿ ಒತ್ತಿ ಹೇಳಿ ಕಳಿಸಿದ್ರು.

ಮೂರು ದಿನದ ಮ್ಯಾಲ ಊರಿಗೆ ಬಂದ ಚರಂತಯ್ಯನವರು ಪುರಾಣದ ಹೊತ್ತಿಗಿನ ಅರಿವ್ಯಾಗ ಕಟ್ಟಿ ಮುರಿಗೆಪ್ಪನ ಮುಂದ ಇಟ್ರು. ಮಠಕ್ಕ ಕೊಟ್ಟು ಬಾ ಅಂದ್ರು. ಕುಡಿದ್ರ ಏಳಬೇಕು, ಎದ್ರ ಪುರಾಣ ಕೆಡ್ತದ, ಕುಡೀದಿದ್ರ ಸಾಯ್ತೀನಿ, ಇನ್ನ ಓದೋದು ಹ್ಯಾಂಗ ಅಂತ ಸಣ್ಣ ಹುಡುಗರಂಗ ಅತ್ರು. ಓದು ಬಿಟ್ರ ಅವರಿಗೆ ಮತ್ತೇನಿತ್ತ್ರಿ? ಮುರಿಗೆಪ್ಪನ ಕಣ್ಣಾಗೂ ನೀರು ಬಂತು. ಆದ್ರ ಅವನು ಆ ಗಂಟು ಮುಟ್ಟಲಿಲ್ಲ. ನಾಳೆ ಒಂದಿನ ಗಂಜಿ ಕುಡದು ಬಂದು ಓದ್ರಿ ಅಂದ. ನಡುವ ಬಂದ್ರ ಅಂತ ಅವರು ಕೇಳಿದ್ರು. ಬರ್ಲಿ ಅಂದ.

ಮರುದಿನ ಮಠ ತುಂಬಿತ್ತು. ಅಯ್ಯನವರು ಬಂದಾರ ಅಂತ ಹೆಣ್ಮಕ್ಕಳೆಲ್ಲ ಕೆಲಸ ಬಿಟ್ಟು ಬಂದಿದ್ರು. ಓದು ಭರ್ತಿ ನಡದಿತ್ತು. ಅರ್ಧ ಸಂಧಿ ಆಗೋದ್ರಾಗ ಚರಂತಯ್ಯನವರ ದನಿ ನಡುಗಿತು, ಹೆಬ್ಬೆರಳು ಮಡಚಿತು. ಆಗ ಹಿಂದ, ಚಪ್ಪಲಿ ಹತ್ರ, ಮುರಿಗೆಪ್ಪ ಎದ್ದು ನಿಂತ.

ಓದು ನಿಂತಿತು. ಊರಗೌಡ್ರು ಕಣ್ಣು ಕೆಂಪು ಮಾಡಿ, ಏನಲೇ, ಪುರಾಣ ಕೆಡಿಸ್ತೀ ಏನು ಅಂತ ಗುಡುಗಿದ್ರು. ಮುರಿಗೆಪ್ಪ ಕೈ ಮುಗದು, ಮಠ ಪೂರಾ ಕೇಳೂಹಂಗ, "ತಪ್ಪಾತ್ರಿ ಗೌಡ್ರ. ನನಗ ಉಚ್ಚಿ ಬಂದೇತಿ. ವಯಸ್ಸಾತು, ತಡಿಯಾಕ ಆಗವಲ್ದು. ನನಗೊಬ್ಬಂಗ ಬಂದೇತೋ, ಇಲ್ಲಾ ಮತ್ಯಾರಿಗರ ಬಂದೇತೋ, ಈ ಗದ್ದಿಗಿ ಮುಂದ ಖರೇ ಹೇಳ್ರಿ" ಅಂದ.

ಗೌಡ್ರು ಒಂದು ಸಲ ಗದ್ದಿಗಿ ನೋಡಿದ್ರು, ಒಂದು ಸಲ ನೆಲ ನೋಡಿದ್ರು. ಆಮ್ಯಾಲ ಮೊಣಕಾಲಿಗೆ ಕೈ ಊರಿ, ಶಿವಾ ಅಂತ ಎದ್ರು. ಗೌಡ್ರು ಎದ್ದದ್ದೇ ತಡ, ಗಾಣಿಗೇರ ಹಿರಿಯ ಎದ್ದ, ಕಂಬಾರ ಎದ್ದ, ಗ್ವಾಡಿಗೆ ಬೆನ್ನು ಕೊಟ್ಟು ಕೂತಿದ್ದ ಮುದುಕರೆಲ್ಲ ಸಾಲಾಗಿ ಎದ್ರು. ಹೆಣ್ಮಕ್ಕಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಕಡೀಕ ಚರಂತಯ್ಯನವರೂ ಎದ್ರು. ಎಲ್ಲಾರೂ ಹಿತ್ತಲಕ್ಕ ಹೋಗಿ, ಕೈಕಾಲು ತೊಳಕೊಂಡು ಬಂದು ಕೂತ್ರು. ಎಲ್ಲಾ ನೋಡ್ಕೋತ ಕೂತಿದ್ದ ಮಠದ ಸ್ವಾಮಿಗಳು, ಮೊದಲಿಂದ ಬ್ಯಾಡ, ಬಿಟ್ಟ ಸಾಲಿನಿಂದನೇ ಓದ್ರಿ ಅಂದ್ರು. ಆವತ್ತು ಚರಂತಯ್ಯನವರು ಓದಿದಂಗ ಹಿಂದ ಎಂದೂ ಓದಿರಲಿಲ್ಲಂತ. ಆಮ್ಯಾಲ ಇನ್ನೂ ಹದಿನೆಂಟು ಶ್ರಾವಣ ಓದಿದ್ರಂತ.

ಮುರಿಗೆಪ್ಪ ಹೋಗಿ ಎಷ್ಟೋ ಕಾಲ ಆತು. ಅವನ ಸಮಾಧಿ ಎಲ್ಲೇತಿ ಅಂತ ಯಾರಿಗೂ ಗೊತ್ತಿಲ್ಲ. ಆದ್ರ ಹುಣಸಿಗುಂದಿ ಮಠದಾಗ ಈಗೂ ಶ್ರಾವಣದ ಪುರಾಣ ನಡುವ ಒಂದು ಸಲ ಗಂಟಿ ಹೊಡೀತಾರ. ಅದಕ್ಕ ಮುರಿಗೆಪ್ಪನ ಗಂಟಿ ಅಂತಾರ. ಗಂಟಿ ಆತಂದ್ರ ಮಠದಾಗಿನ ಗಂಡಸರೆಲ್ಲ ಎದ್ದು ಹೊರಗ ಹೋಗಬೇಕು. ಮುದುಕರಷ್ಟೇ ಅಲ್ಲ, ಈಗಷ್ಟೇ ಮದುವ್ಯಾದವರೂ ಹೋಗಬೇಕು, ಅವಸರ ಇಲ್ಲದವರೂ ಹೋಗಬೇಕು. ಖರೇ ಅವಸರ ಇದ್ದವರು ಯಾರು ಅಂತ ಯಾರಿಗೂ ಗೊತ್ತಾಗಬಾರದು, ನೋಡ್ರಿ.