ತಿರುಗಿಸದ ತಟ್ಟೆ

ಮಠದ ಅಡುಗೆಮನೆ ನೋಡಿಕೊಳ್ಳುವ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧೀ, ಹೊಸದಾಗಿ ಬಂದ ಮಹಾಂತಯ್ಯನನ್ನು ಎಷ್ಟೋ ಸಲ ಗಮನಿಸಿ ನೋಡಿದೆ. ಅವನಲ್ಲಿ ಶ್ರದ್ಧೆ ಎಂಬುದೇ ಇಲ್ಲ. ಅವನನ್ನು ಊರಿಗೆ ಕಳಿಸಿಬಿಡಲೇ?"

ಗುರುಗಳು ಕಳಿಸು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ಮನೆಯಲ್ಲಿ ಒಬ್ಬ ಸೊಸೆ ಇದ್ದಳು. ಕೊಡ ಎತ್ತಿದರೆ ಅವಳಿಗೆ ಏದುಸಿರು ಬರುತ್ತಿತ್ತು, ಸಂಜೆಯಾದರೆ ಕಾಲು ಊದುತ್ತಿತ್ತು. ಇದು ಸೋಮಾರಿತನ ಎಂದು ಅತ್ತೆ ಹೇಳಿದಳು. ಗಂಡ ಏನೂ ಹೇಳಲಿಲ್ಲ. ಅಮ್ಮ ಹೇಳಿದ ಮೇಲೆ ಅವನಿಗೆ ಹೇಳುವುದು ಏನೂ ಉಳಿಯುತ್ತಿರಲಿಲ್ಲ. ರೋಗ ಇಲ್ಲವೆಂದಾದರೆ ಅವಳನ್ನು ತವರಿಗೆ ಬಿಟ್ಟುಬರುವುದು, ಅವಳ ಮಗುವನ್ನು ಇಲ್ಲೇ ಇಟ್ಟುಕೊಳ್ಳುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಆ ಸೊಸೆ ತನಗೆ ರೋಗ ಇರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದಳು.

ಆಸ್ಪತ್ರೆಯಲ್ಲಿ ಅವಳ ಹೃದಯದಿಂದ ಅಕ್ಕಿನುಚ್ಚಿನಷ್ಟು ಮಾಂಸ ತೆಗೆದು, ತೆಳ್ಳಗೆ ಸೀಳಿ, ಕೆಂಪು ಬಣ್ಣ ಹಾಕಿ, ಗಾಜಿನ ಮೇಲೆ ಕೂರಿಸಿದರು. ಅದನ್ನು ನೋಡುವ ಡಾಕ್ಟರ ಬಳಿ ಒಂದು ಸೂಕ್ಷ್ಮದರ್ಶಕ ಇತ್ತು. ಅದರಲ್ಲಿ ಮಾಂಸದ ಕೆಳಗೊಂದು, ಮೇಲೊಂದು ಸೋಸುಗಾಜು. ಕೆಳಗಿನದು ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿ ಬಿಡುತ್ತದೆ. ಮೇಲಿನದು ಅಡ್ಡ ನಿಂತು ಅದನ್ನೂ ತಡೆಯುತ್ತದೆ. ಕಣ್ಣಿಗೆ ಬರೀ ಕತ್ತಲು. ನಡುವಿನ ಮಾಂಸದಲ್ಲಿ ರೋಗದ ಎಳೆಗಳಿದ್ದರೆ ಅವು ಆ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತವೆ. ಆದರೆ ಎಳೆಗಳು ಸೋಸುಗಾಜಿನ ದಿಕ್ಕಿಗೇ ಮಲಗಿದ್ದರೆ ಇದ್ದೂ ಹೊಳೆಯುವುದಿಲ್ಲ. ಅದಕ್ಕೆಂದೇ ಮಾಂಸ ಇಡುವ ತಟ್ಟೆಯನ್ನು ದುಂಡಗೆ, ತಿರುಗುವಂತೆ ಮಾಡಿದ್ದಾರೆ.

ಡಾಕ್ಟರು ಅಚ್ಚುಕಟ್ಟಿನ ಮನುಷ್ಯ. ಇಟ್ಟದ್ದು ಇಟ್ಟ ಹಾಗೆ ನೇರವಾಗಿರಬೇಕು ಅವರಿಗೆ. ಬೆಳಿಗ್ಗೆ ನೋಡಿದರು, ಊಟ ಮಾಡಿ ಬಂದು ನೋಡಿದರು, ದೀಪ ಹೆಚ್ಚಿಸಿ ನೋಡಿದರು. ತಟ್ಟೆ ಮಾತ್ರ ತಿರುಗಿಸಲಿಲ್ಲ. ಕತ್ತಲೇ ಕಂಡಿತು. ಏನೂ ಇಲ್ಲ ಎಂದು ಮನೆಗೆ ಹೇಳಿಕಳಿಸಿದರು.

ಅತ್ತೆ ಖುಷಿಯಿಂದ ಆಸ್ಪತ್ರೆಗೆ ಬಂದಳು. ಏನೂ ಇಲ್ಲದ್ದನ್ನು ತಾನೇ ಕಣ್ಣಾರೆ ನೋಡಬೇಕು, ಬೀಗರ ಮುಂದೆ ಹೇಳಬೇಕು ಎಂದು ಹಟ ಹಿಡಿದಳು. ಡಾಕ್ಟರು ಜಾಗ ಬಿಟ್ಟುಕೊಟ್ಟರು. ಸೊಸೆ ಬಾಗಿಲ ಬಳಿ ಗೋಡೆ ಹಿಡಿದು ನಿಂತಿದ್ದಳು.

ಅತ್ತೆ ಬಾಯಿಮುಚ್ಚಿ ನೋಡುವವಳಲ್ಲ. "ಎದುರು ಮಾತಾಡೋಕೆ ಉಸಿರಿದೆ, ಕೊಡ ಎತ್ತೋಕೆ ಇಲ್ಲ ಇವಳಿಗೆ," ಎನ್ನುತ್ತ ಬಗ್ಗಿ, ಆಸರೆಗೆಂದು ಆ ದುಂಡು ತಟ್ಟೆಯನ್ನೇ ಹಿಡಿದಳು. ತಟ್ಟೆ ತಿರುಗಿತು. ಅವಳ ಮಾತು ನಿಂತಿತು.

"ಡಾಕ್ಟ್ರೇ, ಏನೂ ಇಲ್ಲ ಅಂದ್ರಿ. ಹಸಿರಾಗಿ ಏನೋ ಹೊಳೀತದಲ್ಲ?"

ಡಾಕ್ಟರು ಬಂದು ನೋಡಿದರು. ತಟ್ಟೆಯನ್ನು ತಾವೇ ತಿರುಗಿಸಿ ನೋಡಿದರು. ಆಮೇಲೆ ಸೊಸೆಗೆ ಕುರ್ಚಿ ಹಾಕಿಸಿ, ಹೃದಯದಲ್ಲಿ ರೋಗ ಇದೆ, ಇವತ್ತೇ ಸೇರಿಕೊಳ್ಳಬೇಕು ಎಂದರು. ಸೊಸೆ ರೋಗದ ಹೆಸರು ಕೇಳಲಿಲ್ಲ. ಮಗು ತನ್ನ ಹತ್ತಿರವೇ ಇರುತ್ತದೆಯೇ ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಹೂಂ ಎಂದು ತಲೆಯಾಡಿಸಿದಳು.

ಇಷ್ಟಕ್ಕೆ ಗುರುಗಳ ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಆ ಡಾಕ್ಟರು ನೋಡಿದ್ದು ಒಂದೇ ದಿನ, ತಾನಾದರೆ ತಿಂಗಳುಗಟ್ಟಲೆ, ದಿನವೂ ಅದೇ ಪಂಕ್ತಿಯಲ್ಲಿ ಬಡಿಸುವಾಗ ಮಹಾಂತಯ್ಯನನ್ನು ನೋಡುತ್ತ ಬಂದಿದ್ದೇನೆ ಎಂದ.

ಗುರುಗಳು ಹೇಳಿದರು: "ಹಾಗಾದರೆ ನೀನು ಅವನನ್ನು ನೋಡಿದ್ದು ಒಂದೇ ಸಲ."