ಬಾಮೈದನ ಬಂಡೆ

ರಾಷ್ಟ್ರೀಯ ಉದ್ಯಾನದ ಗೇಟು ದಾಟಿ, ಆನೆಗಳು ಉಪ್ಪುಮಣ್ಣು ತಿನ್ನಲು ಬರುವ ಬಯಲನ್ನು ಬಲಕ್ಕೆ ಬಿಟ್ಟು ಮೂರನೆಯ ತಿರುವಿಗೆ ಬಂದರೆ ಜೀಪಿನ ಚಾಲಕ ಯಾರೂ ಹೇಳದೆಯೇ ಎಂಜಿನ್ ಆರಿಸುತ್ತಾನೆ. ಅಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ, ಬೀಡಿ ಹಚ್ಚುವಂತಿಲ್ಲ, ಸೆಂಟು ಪೂಸಿಕೊಂಡು ಬಂದವರು ಕೆಳಗಿಳಿಯುವಂತಿಲ್ಲ. ಹುಲಿ ಕಂಡಿತೇನೋ ಎಂದು ಕತ್ತು ಚಾಚಿದವರಿಗೆ ಕಾಣುವುದು ಹುಲಿಯಲ್ಲ. ಕಾಡಿನ ನಡುವಿನಿಂದ ನೆಟ್ಟಗೆ ಎದ್ದ ಒಂದು ಕರಿಬಂಡೆ. ಆರು ತೆಂಗಿನಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ತುದಿಯಲ್ಲಿ ಅದು ಮನುಷ್ಯನ ಹಣೆಯ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಆ ಹಣೆಯ ನೆರಳಲ್ಲಿ ಮೊರದಗಲದ ಹೆಜ್ಜೇನಿನ ಹುಟ್ಟುಗಳು ಸಾಲಾಗಿ ತೂಗುತ್ತಿರುತ್ತವೆ. ಪಕ್ಕದಲ್ಲಿ ಇಲಾಖೆಯವರು ನೆಟ್ಟ ಹಸಿರು ಬೋರ್ಡಿನ ಮೇಲೆ ‘ಬಾಮೈದನ ಬಂಡೆ’ ಎಂದು ಬರೆದಿದೆ. ಅದನ್ನು ಓದಿದ ಗಂಡಸರಲ್ಲಿ ಒಬ್ಬನಾದರೂ ಹೆಂಡತಿಯ ಕಡೆ ತಿರುಗಿ, “ನೋಡೇ, ನಿನ್ನ ತಮ್ಮ ಇಲ್ಲೂ ಜಾಗ ಹಿಡಿದವ್ನೆ” ಎನ್ನದೆ ಇರುವುದಿಲ್ಲ. ಜೀಪಿನವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಜೊತೆಗೆ ಬಂದ ಕಾಡಿನ ವಾಚರ್, ಆ ಕಡೆಯ ಹಾಡಿಯವನಾದರೆ, ನಗುವುದಿಲ್ಲ. ಬಂಡೆಯ ಕಡೆ ನೋಡಿ ತಲೆಯ ಟೋಪಿ ತೆಗೆಯುತ್ತಾನೆ.

ಹಿಂದೆ, ಈ ಕಾಡಿಗೆ ಗೇಟೂ ಗಡಿಕಲ್ಲೂ ಇಲ್ಲದ ಕಾಲದಲ್ಲಿ, ಬಂಡೆಯ ಬುಡದಿಂದ ಕೂಗಳತೆ ದೂರದಲ್ಲಿ ಹದಿನೈದು ಗುಡಿಸಲಿನ ಒಂದು ಹಾಡಿ ಇತ್ತು ಎನ್ನುತ್ತಾರೆ. ಜೇನು ಕೀಳುವುದು ಆ ಜನರ ಕಸುಬು. ಬೇಕಾಬಿಟ್ಟಿ ಕೀಳುವ ಹಾಗಿರಲಿಲ್ಲ, ಅದಕ್ಕೆ ಕಟ್ಟುಕಟ್ಟಳೆಗಳಿದ್ದವು. ಹೊತ್ತು ಮುಳುಗಿ ನೊಣಗಳು ತಣ್ಣಗಾದ ಮೇಲೆಯೇ ಇಳಿಯಬೇಕು, ಹಗಲು ಮುಟ್ಟಬಾರದು. ಬಂಡೆಯ ಹೊಟ್ಟೆಯಲ್ಲಿರುವ ಹುಟ್ಟುಗಳನ್ನು ಕೊಯ್ಯಬಹುದು. ಹಣೆಯ ಕೆಳಗಿನ ಸಾಲು ಮಾತ್ರ ನೊಣಗಳದ್ದು, ಅದಕ್ಕೆ ಕತ್ತಿ ತೋರಿಸಬಾರದು. ಹಣೆಹುಟ್ಟು ಉಳಿದರೆ ಮುಂದಿನ ವರ್ಷ ಹೊಟ್ಟೆ ತುಂಬುತ್ತದೆ, ಅದು ಹೋದರೆ ಬಂಡೆ ಬರಿದಾಗುತ್ತದೆ ಎಂದು ಅವರು ತಿಳಿದಿದ್ದರು. ಇನ್ನೊಂದು ಕಟ್ಟಳೆ ಹಗ್ಗದ್ದು. ಬಂಡೆಯ ನೆತ್ತಿಯ ಮೇಲೆ ಹಗ್ಗ ಬಿಗಿಯಲು ಒಂದು ಗಿಡವೂ ಇಲ್ಲ; ಇಳಿಯುವವನ ಜೀವವೆಲ್ಲ ಮೇಲೆ ಹಿಡಿದವನ ಕೈಯಲ್ಲಿ. ಆ ಕೈ ಅಣ್ಣತಮ್ಮಂದಿರದ್ದಾಗಬಾರದು, ಮಗನದ್ದೂ ಆಗಬಾರದು. ಹೆಂಡತಿಯ ಒಡಹುಟ್ಟಿದವನೇ ಹಿಡಿಯಬೇಕು. ಅವನು ಕೈಬಿಟ್ಟರೆ ಬರಿಗೈಯಾಗುವವಳು ಅವನ ಅಕ್ಕನೋ ತಂಗಿಯೋ, ಆದ್ದರಿಂದ ಅವನು ಬಿಡುವುದಿಲ್ಲ ಎಂಬ ನಂಬಿಕೆ. ಕೆಲಸ ನಡೆಯುವಾಗ ಮಾತಿಲ್ಲ. ಹಗ್ಗವನ್ನು ಒಂದು ಸಲ ಜಗ್ಗಿದರೆ ಇಳಿಸು, ಎರಡು ಸಲ ಜಗ್ಗಿದರೆ ನಿಲ್ಲಿಸು, ಮೂರು ಸಲ ಜಗ್ಗಿದರೆ ಮೇಲೆ ಎಳೆದುಕೊ.

ಆ ಕಾಲಕ್ಕೆ ಹಾಡಿಯಲ್ಲಿ ಮಾಸ್ತಿಯಂಥ ಜೇನುಗಾರ ಇನ್ನೊಬ್ಬನಿರಲಿಲ್ಲ. ಅವನ ಹೆಂಡತಿ ಜಾಜಿ. ಜಾಜಿಯ ತಮ್ಮ ಬೊಳ್ಳ. ಕುಳ್ಳಗಿನ, ಅಗಲ ಪಾದದ, ಕಡಿಮೆ ಮಾತಿನ ಆಳು. ಈ ಬೊಳ್ಳ ತನ್ನ ಭಾವನ ಜೊತೆ ಮಾತು ಬಿಟ್ಟು ಎರಡು ಮಳೆಗಾಲವಾಗಿತ್ತು. ರಾಗಿ ಹೊಲ ಕಾಯಲು ಹೋದ ಒಂದು ರಾತ್ರಿ ಬೆಂಕಿ ನೋಡಿಕೊಳ್ಳುವ ಸರದಿ ಮಾಸ್ತಿಯದಾಗಿತ್ತು. ಅವನು ತೂಕಡಿಸಿದ, ಬೆಂಕಿ ಆರಿತು, ಆನೆ ಬಂತು. ಅಟ್ಟಣೆಯ ಕೆಳಗೆ ಮಲಗಿದ್ದ ಬೊಳ್ಳನ ಅಪ್ಪ ಮತ್ತೆ ಏಳಲಿಲ್ಲ. ಮಾಸ್ತಿ ತಪ್ಪಾಯಿತು ಎಂದೂ ಹೇಳಲಿಲ್ಲ, ನನ್ನ ತಪ್ಪಲ್ಲ ಎಂದೂ ಹೇಳಲಿಲ್ಲ. ಅಂದಿನಿಂದ ಬೊಳ್ಳ ಅಕ್ಕನ ಗುಡಿಸಲಲ್ಲಿ ನೀರು ಮುಟ್ಟಿರಲಿಲ್ಲ, ‘ಭಾವ’ ಎಂಬ ಮಾತು ಅವನ ಬಾಯಲ್ಲಿ ಬಂದಿರಲಿಲ್ಲ. ಆದರೂ ಜೇನಿನ ಕಾಲ ಬಂದಾಗ ಹಗ್ಗ ಹಿಡಿಯಲು ಬೇರೆ ಕೈ ಇರಲಿಲ್ಲ. ಎರಡು ವರ್ಷವೂ ಅವನೇ ಹಿಡಿದ. ಅವರಿಬ್ಬರ ನಡುವೆ ಆಡಿದ ಮಾತೆಲ್ಲ ಆ ಮೂರು ಜಗ್ಗಾಟ ಅಷ್ಟೇ. ಹಗ್ಗ ಹಿಡಿದು ಕೂತಾಗಲೆಲ್ಲ ಬೊಳ್ಳನ ಮನಸ್ಸಿಗೆ ಒಂದೇ ವಿಷಯ ಬರುತ್ತಿತ್ತು. ಬೆರಳು ಬಿಚ್ಚಲು ಎಷ್ಟು ಹೊತ್ತು ಬೇಕು? ಜಾರಿತು ಅಂದರೆ ಯಾರು ಕೇಳುತ್ತಾರೆ? ಆ ಯೋಚನೆಗೆ ತಾನೇ ಹೆದರಿ ಹಗ್ಗವನ್ನು ಇನ್ನೊಂದು ಸುತ್ತು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದ.

ಮೂರನೆಯ ವರ್ಷ, ವೈಶಾಖದ ಬಿಸಿಲಲ್ಲಿ, ಆ ಸೀಮೆಯನ್ನು ಆಳುತ್ತಿದ್ದ ಪಾಳೆಯಗಾರನ ಗುರಿಕಾರ ಮುದ್ದಯ್ಯ ಎಂಬುವನು ಹತ್ತು ಜನ ಭರ್ಜಿಯವರನ್ನು ಕಟ್ಟಿಕೊಂಡು ಹಾಡಿಗೆ ಬಂದ. ಕೋಟೆಯ ಬಾಗಿಲಿಗೆ ಒಂದು ಕಂಚಿನ ಗಂಟೆ ಎರಕ ಹೊಯ್ಯಬೇಕು, ಅದರ ಸದ್ದು ಮೂರು ಹರದಾರಿ ಕೇಳಬೇಕು ಎಂದು ದೊರೆಗೆ ಹಟ ಹಿಡಿದಿತ್ತು. ಎರಕದ ಅಚ್ಚಿಗೆ ಮೇಣ ಬೇಕು, ಮೇಣವೆಂದರೆ ಈ ಬಂಡೆ. ಇವತ್ತೇ, ಇದೇ ಹೊತ್ತಿನಲ್ಲಿ, ಮೇಲಿಂದ ಕೆಳಗಿನ ತನಕ ಒಂದು ಹುಟ್ಟೂ ಬಿಡದೆ ಕೊಯ್ಯಬೇಕೆಂದು ಗುರಿಕಾರ ಆಜ್ಞೆ ಮಾಡಿದ. ಹಾಡಿಯ ಹಿರಿಯರು ಕೈಮುಗಿದು ಹೊತ್ತು ಮುಳುಗಲಿ ಎಂದರು. ಕತ್ತಲಲ್ಲಿ ಅರ್ಧ ಮೇಣ ನಿಮ್ಮ ಗುಡಿಸಲು ಸೇರುತ್ತದೆ, ನನಗೆ ಕಣ್ಣಿಲ್ಲವೇ ಎಂದು ಅವನು ನಕ್ಕ. ಹಣೆಹುಟ್ಟಿನ ಕಟ್ಟಳೆ ಹೇಳಿದರು. ನೊಣಕ್ಕೂ ಮಾನ್ಯದ ಭೂಮಿ ಬಿಟ್ಟುಕೊಡಬೇಕೇನು ಎಂದು ಕೇಳಿ ಅದಕ್ಕೂ ನಕ್ಕ. ಕೊನೆಗೆ ಮಾಸ್ತಿಯೇ ಎದ್ದು ಕತ್ತಿಯನ್ನೂ ಹಸಿಸೊಪ್ಪಿನ ಕಟ್ಟನ್ನೂ ಎತ್ತಿಕೊಂಡ. ಹೊಟ್ಟೆಯವು ಎಷ್ಟಿವೆಯೋ ಅಷ್ಟೂ ಕೊಯ್ದು ಕೊಡುತ್ತೇನೆ ಎಂದನೇ ಹೊರತು ಹಣೆಯ ಮಾತೆತ್ತಲಿಲ್ಲ. ಗುರಿಕಾರ ಅದನ್ನು ಒಪ್ಪಿಗೆ ಎಂದುಕೊಂಡ.

ಬೊಳ್ಳ ನಾರಿನ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಹಿಂದಿನ ದಾರಿಯಿಂದ ಬಂಡೆ ಹತ್ತಲು ಹೊರಟಾಗ ಜಾಜಿ ಅಡ್ಡ ಬಂದಳು. ಎರಡು ವರ್ಷ ಅವಳು ತಮ್ಮನನ್ನು ಏನೂ ಕೇಳಿರಲಿಲ್ಲ. ಈಗಲೂ ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

“ನಿನ್ನ ಸಿಟ್ಟು ನಿನ್ ತಾವೇ ಇರ್ಲಿ ಬೊಳ್ಳ” ಎಂದಳು. “ಅದ ನಾ ಕೇಳಾಕಿಲ್ಲ. ಹಗ್ಗ ಮಾತ್ರ ನಂದು ಕಣಪ್ಪ.”

ಬೊಳ್ಳ ಅವಳನ್ನು ಬಳಸಿಕೊಂಡು ಹತ್ತಿದ. ನೆತ್ತಿಯ ಮೇಲೆ ಕಲ್ಲು ಕಾದ ಕಾವಲಿಯಾಗಿತ್ತು. ಗುರಿಕಾರ ನಾಲ್ಕು ಭರ್ಜಿಯವರ ಜೊತೆ ಅಲ್ಲಿಗೂ ಬಂದು ತಲೆಗೆ ವಸ್ತ್ರ ಸುತ್ತಿಕೊಂಡು ಕೂತ. ಮಾಸ್ತಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸೊಪ್ಪಿನ ಕಟ್ಟಿಗೆ ಕೆಂಡ ಸೇರಿಸಿ ಹೊಗೆ ಎಬ್ಬಿಸಿ, ಬೊಳ್ಳನ ಮುಖ ನೋಡದೆ ಅಂಚಿನಾಚೆ ಇಳಿದ. ಹಣೆಯ ಮೂಲೆ ಬಳಸಿಕೊಂಡು ಹೊಟ್ಟೆಯ ಕಡೆ ಹೋದ. ಬೊಳ್ಳ ಎರಡು ಪಾದವನ್ನೂ ಕಲ್ಲಿಗೆ ಒತ್ತಿ ಹಿಂದಕ್ಕೆ ಬಾಗಿ ಕೂತ. ಒಂದು ಜಗ್ಗು. ಇಳಿಸಿದ. ಎರಡು ಜಗ್ಗು. ನಿಲ್ಲಿಸಿದ. ಕೆಳಗೆ ಹುಟ್ಟು ಬೀಳುವ ಸದ್ದು ಧೊಪ್ಪೆಂದು ಬರುತ್ತಿತ್ತು, ಅದರ ಹಿಂದೆಯೇ ನೊಣಗಳ ಮೊರೆತ ಒಂದೊಂದು ಪಟ್ಟು ಏರುತ್ತಿತ್ತು. ಕತ್ತಲಲ್ಲಾದರೆ ಆ ಮೊರೆತ ಸೊಪ್ಪಿನ ಕಟ್ಟಿನಿಂದ ಉದುರುವ ಕೆಂಡದ ಕಿಡಿಯ ಹಿಂದೆ ಬಿದ್ದು ಕೆಳಕ್ಕೆ ಹೋಗಿಬಿಡುತ್ತದೆ. ಬಿಸಿಲಲ್ಲಿ ಅದಕ್ಕೆ ದಾರಿ ತೋರುವ ಕಿಡಿಯಿರಲಿಲ್ಲ. ಬಂಡೆಯ ಮುಖದ ಮುಂದೆಯೇ ಸುತ್ತುತ್ತಿತ್ತು. ಭರ್ಜಿಯವರಲ್ಲಿ ಒಬ್ಬ ಬೇಸರ ಕಳೆಯಲು ಅವರಿಬ್ಬರ ಹಗೆಯ ಕಥೆ ಎತ್ತಿದ. ಹಾಡಿಯ ಹೆಂಗಸರು ಆಡಿಕೊಂಡದ್ದು ಅವನ ಕಿವಿಗೆ ಬಿದ್ದಿತ್ತು. ಗುರಿಕಾರನಿಗೆ ಕಥೆ ಬಲು ರುಚಿಸಿತು. ಅಪ್ಪನನ್ನು ಕೊಂದವನನ್ನು ತೂಗುಬಿಟ್ಟು ಹಿಡಿದಿರುವ ಮಗ, ಇಂಥ ಜಾತ್ರೆ ಎಲ್ಲೂ ಕಾಣೆ ಎಂದು ತೊಡೆ ತಟ್ಟಿದ. ಬೊಳ್ಳ ಕಣ್ಣು ಎತ್ತಲಿಲ್ಲ, ಅವನ ಗಮನವೆಲ್ಲ ಅಂಗೈಯಲ್ಲಿತ್ತು.

ಹೊಟ್ಟೆಯ ಹುಟ್ಟುಗಳು ಮುಗಿದವು. ಹಗ್ಗ ಮೂರು ಸಲ ಜಗ್ಗಿತು. ಬೊಳ್ಳ ಎಳೆಯಲು ಮೈ ಮುಂದಕ್ಕೆ ತರುವಷ್ಟರಲ್ಲಿ ಭರ್ಜಿಯ ಮೊನೆ ಬೆನ್ನಿಗೆ ತಾಗಿತು. ಮೂರು ಜಗ್ಗೆಂದರೆ ಏನೆಂದು ಗುರಿಕಾರ ಮೊದಲೇ ಕೇಳಿ ತಿಳಿದಿದ್ದ. ಅಂಚಿಗೆ ಬಂದು ಕೆಳಕ್ಕೆ ಬಾಗಿ, ಹಣೆಯ ಸಾಲು ಕೊಯ್ಯದ ತನಕ ಮೇಲಕ್ಕೆ ಬರುವ ಮಾತೇ ಇಲ್ಲ ಎಂದು ಕೂಗಿದ. ಕೆಳಗಿನಿಂದ ಮತ್ತೆ ಮೂರು ಜಗ್ಗು, ಈ ಸಲ ಅವಸರವಾಗಿ. ಹೊಗೆಯ ಸೊಪ್ಪು ಮುಗಿಯುತ್ತಾ ಬಂದಿದೆ ಎಂದು ಬೊಳ್ಳನಿಗೆ ಗೊತ್ತಾಯಿತು. ಹಣೆಹುಟ್ಟುಗಳು ಮಾಸ್ತಿಯ ಕೈಗೆಟಕುವಷ್ಟರಲ್ಲೇ ಇದ್ದವು. ಒಂದು ಸಲ ಕತ್ತಿ ಬೀಸಿದ್ದರೆ ಸಾಕಿತ್ತು, ಅವನು ಬೀಸಲಿಲ್ಲ. ಬೆಂಕಿ ಕಾಯಲಾಗದವನು, ಇವತ್ತು ನೊಣದ ಮನೆ ಕಾಯುತ್ತಿದ್ದಾನೆ ಎಂದು ಬೊಳ್ಳನ ಎದೆಯಲ್ಲಿ ಏನೋ ಕದಲಿತು. ಎರಡು ವರ್ಷದಿಂದ ಗಂಟಾಗಿದ್ದುದು.

ಗುರಿಕಾರ ದನಿ ತಗ್ಗಿಸಿ ಅವನ ಕಿವಿಯ ಬಳಿ ಬಾಗಿದ. “ನಿನ್ನ ಕೈಮೇಲೆ ಪಾಪ ಇಲ್ಲ ಕಣೋ. ನೀನು ಸುಮ್ನೆ ಕೂತ್ಕೊ, ಉಳಿದದ್ದು ನೊಣ ನೋಡ್ಕೊತವೆ. ಇಲ್ಲಾ ಹಗ್ಗ ನನ್ನವರಿಗೆ ಕೊಡು.”

ಬೊಳ್ಳ ಅಂದು ಆಡಿದ ಮೊದಲ ಮಾತು ಇದು ಎನ್ನುತ್ತಾರೆ. “ಈ ಹಗ್ಗ ನಮ್ಮಕ್ಕಂದು, ಬುದ್ಧೀ. ಕೊಡಾಕ್ ಬರಾಕಿಲ್ಲ. ನನ್ನ ತಿವುದ್ರೆ ನಾ ಅವ್ನ್ ಜೊತೇಲೇ ಬೀಳ್ತೀನಿ. ಆಮ್ಯಾಕೆ ನಿಮ್ಗೆ ಕೊಯ್ಯೋರು ಯಾರು?”

ಹೇಳುತ್ತಲೇ ಹಗ್ಗದ ತುದಿಯನ್ನು ಸೊಂಟಕ್ಕೆ ಮೂರು ಸುತ್ತು ಬಿಗಿದು, ಭರ್ಜಿ ಬೆನ್ನಿಗಿದ್ದಂತೆಯೇ ಎದ್ದು ನಿಂತು ಒಂದು ಮೊಳ ಎಳೆದುಕೊಂಡ. ಮೊನೆ ಚರ್ಮ ಸೀಳಿತು. ತಿವಿಯಬೇಕೋ ಬೇಡವೋ ಎಂದು ಭರ್ಜಿಯವನು ಒಡೆಯನ ಮುಖ ನೋಡಿದ. ಗುರಿಕಾರನಿಗೆ ರೇಗಿತು. ಕಾಡಿನ ಇಬ್ಬರು ಆಳುಗಳು ತನ್ನನ್ನು ಆಡಿಸುತ್ತಿದ್ದಾರೆ ಎನಿಸಿತು. ಭರ್ಜಿಯನ್ನು ಕಿತ್ತುಕೊಂಡು, ಅಂಚಿನಲ್ಲಿ ಬೋರಲಾಗಿ ಮಲಗಿ, ನಾನೇ ಕೆಡವುತ್ತೇನೆ ನೋಡಿ ಎಂದು ಹಣೆಯ ಕೆಳಗೆ ಕೋಲು ತೂರಿಸಿ ಬಲವಾಗಿ ಚುಚ್ಚಿದ. ಹುಟ್ಟು ಬೀಳಲಿಲ್ಲ. ಒಂದು ಕ್ಷಣ ಮೊರೆತವೆಲ್ಲ ನಿಂತುಹೋಯಿತು. ಹಾಡಿಯವರು ಆ ಮೌನವನ್ನು ಬಲ್ಲರು. ಕೆಳಗೆ ನಿಂತಿದ್ದ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನೆಲಕ್ಕೆ ಬಿದ್ದರು. ಜಾಜಿ ಮಾತ್ರ ಮುಖ ಮೇಲೆತ್ತಿ ನಿಂತಳು.

ನೊಣಗಳು ಕರಿ ಕಂಬಳಿಯಂತೆ ಎದ್ದು ಅಂಚು ದಾಟಿ ಬಂದವು. ಗುರಿಕಾರ ಓಡಿದ, ಭರ್ಜಿಯವರು ಓಡಿದರು. ಓಡಿದವರನ್ನು ಅರ್ಧ ಹಿಂಡು ಅಟ್ಟಿಸಿಕೊಂಡು ಹೋಯಿತು. ಉಳಿದರ್ಧಕ್ಕೆ ಬೋಳು ನೆತ್ತಿಯ ಮೇಲೆ ಕಂಡದ್ದು ಬೊಳ್ಳ ಒಬ್ಬನೇ. ಕಂಬಳಿಯಿಲ್ಲ, ಹೊಗೆಯಿಲ್ಲ, ಎರಡು ಕೈಯೂ ಹಗ್ಗದ ಮೇಲೆ. ಮುಖದ ಮೇಲಿನ ನೊಣ ಒರೆಸಲು ಒಂದು ಕೈ ತೆಗೆದರೂ ಹಗ್ಗ ಒಂದು ಮಾರು ಜಾರುತ್ತದೆ. ಅವನು ತೆಗೆಯಲಿಲ್ಲ. ಕೆಳಗೆ ಮಾಸ್ತಿ ಉಳಿದ ಹೊಗೆಯ ಮರೆಯಲ್ಲಿ ಕಾಲ್ಬೆರಳು ಊರಿ ಏರುತ್ತಿದ್ದ, ಮೇಲೆ ಬೊಳ್ಳ ಸಡಿಲವಾದಷ್ಟನ್ನು ಎಳೆದುಕೊಳ್ಳುತ್ತಿದ್ದ. ಒಂದು ಮೊಳ, ಇನ್ನೊಂದು ಮೊಳ. ಕಣ್ಣು ಮುಚ್ಚಿಹೋದವು, ತುಟಿ ಬಿಗಿಯಿತು, ಕಿವಿಯೊಳಗೂ ಮೊರೆತ ಹೊಕ್ಕಿತು. ಕಣ್ಣಿಲ್ಲದ ಮೇಲೆ ಭಾರವೊಂದೇ ಅವನಿಗೆ ಉಳಿದ ಗುರುತು. ಕೈಯಲ್ಲಿ ಭಾರ ಇದೆ, ಹಾಗಾದರೆ ಭಾವ ಇದ್ದಾನೆ. ಬೆರಳು ಬಿಚ್ಚಲು ಎಷ್ಟು ಹೊತ್ತು ಬೇಕು ಎಂಬ ಹಳೆಯ ಪ್ರಶ್ನೆ ಅವನಿಗೆ ಆಗ ನೆನಪಾಯಿತೋ ಇಲ್ಲವೋ, ಹೇಳಬಲ್ಲವರು ಯಾರೂ ಇಲ್ಲ. ಪಾದಗಳನ್ನು ಎಷ್ಟು ಒತ್ತಿದನೆಂದರೆ ಕಲ್ಲು ಒಳಕ್ಕೆ ಸರಿದು ಜಾಗ ಕೊಟ್ಟಿತು ಎನ್ನುತ್ತಾರೆ.

ಮಾಸ್ತಿ ಅಂಚು ಹಿಡಿದು ಮೇಲೆ ಬಂದಾಗ ಎದುರಿಗೆ ನಿಂತದ್ದು ಮನುಷ್ಯನೋ ನೊಣದ ಕಂಬವೋ ತಿಳಿಯಲಿಲ್ಲ. ಉಳಿದ ಹಿಡಿಸೊಪ್ಪಿನ ಹೊಗೆಯನ್ನು ಅವನ ಸುತ್ತ ಹರಡಿ, ತನ್ನ ಸೊಂಟದ ಬಟ್ಟೆ ಬಿಚ್ಚಿ ಅವನಿಗೆ ಹೊದಿಸಿ ತೋಳಿನಲ್ಲಿ ಹಿಡಿದುಕೊಂಡ.

“ಬಂದೆ ಕಣ್ಲಾ ಬಾಮೈದ. ಹಗ್ಗ ಬುಡು” ಎಂದ.

ಬೊಳ್ಳ ಊದಿದ ತುಟಿಗಳನ್ನು ಬಿಡಿಸಿದ. ಹಣೆಹುಟ್ಟು ಇದ್ದಾವಾ ಎಂದು ಕೇಳಿದ. ಎಲ್ಲಾ ಇವೆ, ಒಂದೂ ಬಿದ್ದಿಲ್ಲ ಎಂದ ಮಾಸ್ತಿ.

“ಹಂಗಾರೆ ಸರಿ ಭಾವ” ಎಂದ ಬೊಳ್ಳ.

ಅಷ್ಟೇ. ಜಾಜಿ ಹತ್ತಿ ಬರುವಷ್ಟರಲ್ಲಿ ಮುಗಿದಿತ್ತು. ಬೆರಳುಗಳು ಮಾತ್ರ ಬಿಚ್ಚಲಿಲ್ಲ. ಗಂಡ ಹೆಂಡಿರಿಬ್ಬರೂ ಪ್ರಯತ್ನಿಸಿದರು, ಹಾಡಿಯ ಹಿರಿಯರು ಪ್ರಯತ್ನಿಸಿದರು. ಕೊನೆಗೆ ಜಾಜಿಯೇ ಕತ್ತಿ ಇಸಿದುಕೊಂಡು ಅವನ ಮುಷ್ಟಿಯ ಆಚೆಗೂ ಈಚೆಗೂ ಹಗ್ಗ ಕೊಯ್ದಳು. ನಡುವಿನ ತುಂಡನ್ನು ಅವನ ಕೈಯಲ್ಲೇ ಬಿಟ್ಟು ಮಣ್ಣು ಮಾಡಿದರು. ಮಾಸ್ತಿ ಅಂದಿನಿಂದ ಸಾಯುವ ತನಕ ಜೇನಿಗೆ ಇಳಿಯಲಿಲ್ಲ. ಇಳಿಯಲು ಅವನಿಗೆ ಬೇರೆ ಬಾಮೈದನಿರಲಿಲ್ಲ. ಪ್ರತಿ ಸಂಜೆ ಬಂಡೆಯ ಬುಡದಲ್ಲಿ ಒಂದು ಬೆಂಕಿ ಹಾಕಿ ಬೆಳಗಿನ ತನಕ ಆರದಂತೆ ಕಾಯುತ್ತಿದ್ದ. ಯಾಕೆಂದು ಕೇಳಿದವರಿಗೆ, ಇದು ಬಾಮೈದನ ಬಂಡೆ, ನಾನು ಕಾವಲು ಎನ್ನುತ್ತಿದ್ದನಂತೆ. ಹೆಸರು ಹಾಗೆ ಬಂತು. ಗುರಿಕಾರ ಹೊಳೆಗೆ ಬಿದ್ದು ಹೋದ ಎಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಕೋಟೆಗೇನೋ ತಲುಪಿದ, ಆದರೆ ಮುಖ ಕುಂಬಳಕಾಯಿಯಾಗಿದ್ದುದರಿಂದ ಬಾಗಿಲವರು ಗುರುತು ಹಿಡಿಯದೆ ಒಳಕ್ಕೆ ಬಿಡಲಿಲ್ಲ ಎನ್ನುತ್ತಾರೆ. ಗಂಟೆಯಂತೂ ಆಗಲಿಲ್ಲ.

ಈಗ ಹಾಡಿ ಅಲ್ಲಿಲ್ಲ. ಕಾಡು ಉದ್ಯಾನವಾದ ಮೇಲೆ ಅದರ ಜನ ಗೇಟಿನ ಹೊರಗಿನ ಕಾಲೊನಿಯಲ್ಲಿದ್ದಾರೆ. ಜೇನು ಕೀಳುವುದೂ ನಿಂತಿದೆ. ಇಲಾಖೆಯ ಅಪ್ಪಣೆ ಪಡೆದು ವಾಚರ್ ಜೊತೆ ನೆತ್ತಿಗೆ ಹತ್ತಿದವರಿಗೆ ಅಂಚಿನಲ್ಲಿ ಹಗ್ಗ ಉಜ್ಜಿ ಸವೆದ, ಹೆಬ್ಬೆರಳಗಲದ ಒಂದು ಗೀರು ಕಾಣುತ್ತದೆ. ಅದರ ಹಿಂದೆ ಮೂರು ಮಾರು ದೂರದಲ್ಲಿ, ಗಟ್ಟಿ ಕರಿಕಲ್ಲಿನಲ್ಲಿ, ಎರಡು ಕುಳಿಗಳು ಅಕ್ಕಪಕ್ಕ ಇವೆ. ಕುಳ್ಳಗಿನ, ಅಗಲ ಪಾದದ ಆಳೊಬ್ಬ ಹಿಂದಕ್ಕೆ ಬಾಗಿ ನಿಂತರೆ ಹೇಗೋ ಹಾಗೆ, ಹಿಮ್ಮಡಿಯ ಕಡೆ ಆಳ, ಬೆರಳಿನ ಕಡೆ ತೆಳು. ಮುಂಗಾರಿನ ಮೊದಲ ಮಳೆ ಬಿದ್ದು ಹೋದ ಮೇಲೆ ಅವುಗಳಲ್ಲಿ ನೀರು ನಿಲ್ಲುತ್ತದೆ. ಬಿಸಿಲೇರಿದ ಹೊತ್ತಿಗೆ ಹಣೆಯ ಕೆಳಗಿನಿಂದ ಹೆಜ್ಜೇನುಗಳು ಒಂದೊಂದಾಗಿ ಅಂಚು ದಾಟಿ ಬಂದು, ಆ ಹೆಜ್ಜೆಗಳ ಅಂಚಿನಲ್ಲಿ ಕೂತು ನೀರು ಕುಡಿದು ಹೋಗುತ್ತವೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತವರನ್ನು ಅವು ಇದುವರೆಗೆ ಮುಟ್ಟಿದ್ದಿಲ್ಲ ಎನ್ನುತ್ತಾರೆ.